ಕ್ರಾಪ್ ಸೆನ್ಸರ್‌ನಿಂದ ಫುಲ್ ಫ್ರೇಮ್ ಕ್ಯಾಮೆರಾಗೆ ಬಂದ ಮೇಲೆ ಮೊದಲು ಏನು ಅನ್ನಿಸಿತು?

ನೀವು ಕೇಳಿದ್ದು ಇಷ್ಟು: ಆರು ವರ್ಷದಿಂದ ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಿರುವ) ಕ್ಯಾಮೆರಾ ಬಳಸುತ್ತಿದ್ದೀರಿ. ಊರಿನ ತೇರು, ನಾಟಕ, ನೆಂಟರ ಮದುವೆ ಫೋಟೋ ತೆಗೆಯುತ್ತೀರಿ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್‌ನ ಕ್ಯಾಮೆರಾ, ತಗೊಂಡವರಿಗೆ ಮೊದಲ ದಿನಗಳಲ್ಲಿ ನಿಜವಾಗಿ ಏನು ವ್ಯತ್ಯಾಸ ಕಂಡಿತು, ಹಾಕಿದ ದುಡ್ಡಿಗೆ ಅದು ಸಾಕಾ ಅಂತ. ನಾನು ಈ ವರ್ಷವೇ ಬದಲಾಯಿಸಿದೆ. ನೆನಪು ಇನ್ನೂ ಹಸಿಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಪುತ್ತೂರಿನ ಕಡೆ. ನಾನು ತೆಗೆಯುವುದು ಹೆಚ್ಚಾಗಿ ಯಕ್ಷಗಾನದ ಫೋಟೋ. ಇಷ್ಟು ವರ್ಷ ಕೈಯಲ್ಲಿದ್ದದ್ದು ನಿಕಾನ್ ಡಿ7200, 2015ರ ಕ್ಯಾಮೆರಾ. ಈಗ ತಗೊಂಡದ್ದು ನಿಕಾನ್ ಝಡ್6 ಟೂ, 2020ರದ್ದು. ಅದರ ಮುಂದಿನ ಮಾಡೆಲ್ 2024ರಲ್ಲೇ ಬಂದಿದೆ. ನನ್ನ ಕೆಲಸಕ್ಕೆ ಇದು ಸಾಕು ಅನ್ನಿಸಿತು, ಉಳಿದ ದುಡ್ಡಿನಲ್ಲಿ 85 ಎಂಎಂ ಎಫ್ 1.8 ಲೆನ್ಸ್ ಬಂತು (ಎಂಎಂ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ ಬರುತ್ತದೆ).

ಮೊದಲ ದಿನದ ವಿಷಯ ನೇರವಾಗಿ ಹೇಳುತ್ತೇನೆ. ಏನೂ ವ್ಯತ್ಯಾಸ ಕಾಣಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಅಂಗಳದಲ್ಲಿ ಅಮ್ಮ ಅಡಿಕೆ ಹರಡುತ್ತಿದ್ದರು. ಎರಡೂ ಕ್ಯಾಮೆರಾದಲ್ಲಿ ಒಂದೇ ಥರ ಹತ್ತು ಹತ್ತು ಫೋಟೋ ತೆಗೆದೆ. ಎ4 ಅಳತೆಯಲ್ಲಿ ಒಂದೊಂದು ಪ್ರಿಂಟ್ ಹಾಕಿಸಿ ಅಮ್ಮನ ಮುಂದೆ ಇಟ್ಟೆ. "ಎರಡೂ ಚಂದ ಬಂದಿದೆ, ಇದರಲ್ಲಿ ಹೊಸದು ಯಾವುದು?" ಅಂತ ಅವರೇ ಕೇಳಿದರು. ಇದರಲ್ಲಿ ಆಶ್ಚರ್ಯ ಇಲ್ಲ. ಎರಡೂ 24 ಮೆಗಾಪಿಕ್ಸೆಲ್ ಕ್ಯಾಮೆರಾಗಳೇ. ಒಳ್ಳೆ ಬಿಸಿಲಿದ್ದರೆ ಯಾವ ಸೆನ್ಸರ್‌ಗೂ ಕಷ್ಟ ಇಲ್ಲ. ನಿಮ್ಮ ಫೋಟೋಗಳೆಲ್ಲ ಹಗಲಿನವೇ ಆಗಿದ್ದರೆ ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಬಹುದು, ದುಡ್ಡು ಉಳಿಯಿತು.

ಹಾಗಾದರೆ ದೊಡ್ಡ ಸೆನ್ಸರ್‌ನಿಂದ ಏನು ಲಾಭ? ಅಪ್ಪನ ಕಾಲದ ಒಂದು ನೆಗೆಟಿವ್ ತೆಗೆದು ಸ್ಕೇಲ್ ಇಟ್ಟು ಅಳೆದು ನೋಡಿ. ಒಂದು ಚಿತ್ರ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತದೆ. ಫುಲ್ ಫ್ರೇಮ್ ಅಂದರೆ ಅದೇ ರೀಲಿನ ಅಳತೆ. ನಿಕಾನ್‌ನ ಕ್ರಾಪ್ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. ಗುಣಿಸಿ ನೋಡಿದರೆ ದೊಡ್ಡದರ ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಮಳೆಗೆ ಚೆಂಬಿನ ಬದಲು ಪಾತ್ರೆ ಇಟ್ಟ ಹಾಗೆ, ಅಷ್ಟೂ ಬೆಳಕು ಜಾಸ್ತಿ ಬೀಳುತ್ತದೆ. ಫೋಟೋದ ಲೆಕ್ಕದಲ್ಲಿ ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್. ಇದು ಒಂದು ಸ್ಟಾಪ್, ಮೇಲೆ ಒಂಚೂರು. ಈ "ಒಂದು ಸ್ಟಾಪ್" ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾಲ್ಕನೇ ದಿನ ರಾತ್ರಿ ಒಂದು ಹರಕೆ ಆಟ, ಅಂದರೆ ಹರಕೆ ಹೊತ್ತವರು ಆಡಿಸುವ ಯಕ್ಷಗಾನ, ಇತ್ತು. ಬಯಲಿನಲ್ಲಿ ರಂಗಸ್ಥಳ. ಆ ದಿನ ಮಹಿಷಾಸುರನ ಪ್ರವೇಶ ಇತ್ತು. ನೋಡಿದವರಿಗೆ ಗೊತ್ತು, ಮಹಿಷಾಸುರ ಚೌಕಿಯಿಂದ (ವೇಷ ಕಟ್ಟುವ ಜಾಗದಿಂದ) ಸೀದಾ ರಂಗಸ್ಥಳಕ್ಕೆ ಬರುವುದಿಲ್ಲ. ಜನರ ನಡುವಿನಿಂದ ಆರ್ಭಟಿಸುತ್ತಾ ಬರುತ್ತಾನೆ. ರಂಗಸ್ಥಳದ ದೀಪ ಅಲ್ಲಿಗೆ ತಲುಪುವುದಿಲ್ಲ. ಬೆಳಕು ಅಂದರೆ ದೊಂದಿಯದ್ದು (ಪಂಜಿನದ್ದು) ಮಾತ್ರ, ಮತ್ತೆ ಅದಕ್ಕೆ ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಬೆಂಕಿಯದ್ದು. ಹಳೇ ಕ್ಯಾಮೆರಾದಲ್ಲಿ ಈ ಗಳಿಗೆ ನನಗೆ ಪ್ರತಿ ವರ್ಷ ಕೈತಪ್ಪುತ್ತಿತ್ತು. ಐಎಸ್ಒ (ಕತ್ತಲಲ್ಲಿ ಚಿತ್ರವನ್ನು ಬೆಳಗಿಸಲು ಏರಿಸುವ ಅಂಕಿ, ಏರಿಸಿದಷ್ಟೂ ಚಿತ್ರ ಕಾಳು ಕಾಳಾಗುತ್ತದೆ) 3200 ದಾಟಿಸಿದರೆ ಮುಖದ ಕೆಂಪು ಒಂದು ಮುದ್ದೆಯಾಗುತ್ತಿತ್ತು. ದಾಟಿಸದಿದ್ದರೆ ಶಟರ್ ನಿಧಾನವಾಗಿ ಕೋಡು, ಕೈ ಎಲ್ಲ ಅಲುಗುತ್ತಿದ್ದವು.

ಈ ಸಲ 85 ಎಂಎಂ ಹಾಕಿ, ಎಫ್ 1.8, ಶಟರ್ 1/250 ಸೆಕೆಂಡ್, ಐಎಸ್ಒ 8000 ಇಟ್ಟೆ. ಮನೆಗೆ ಬಂದು ಬೆಳಗಿನ ಜಾವ ಲ್ಯಾಪ್‌ಟಾಪಿನಲ್ಲಿ ಒಂದು ಫೋಟೋ ದೊಡ್ಡದು ಮಾಡಿ ನೋಡಿದೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಚುಟ್ಟಿ ಇಡುತ್ತಾರಲ್ವಾ, ಮುಳ್ಳು ಮುಳ್ಳಾಗಿ? ಆ ಚುಟ್ಟಿ ಒಂದೊಂದೂ ಬೇರೆ ಬೇರೆ ಕಾಣುತ್ತಿತ್ತು. ಒಂದರ ನೆರಳು ಪಕ್ಕದ್ದರ ಬುಡಕ್ಕೆ ಬಿದ್ದದ್ದೂ ಕಾಣುತ್ತಿತ್ತು. ಕಲಾವಿದರು ಗಂಟೆಗಟ್ಟಲೆ ಕನ್ನಡಿ ಮುಂದೆ ಕೂತು ಇಟ್ಟ ಚುಟ್ಟಿ ಅದು. ಇಷ್ಟು ವರ್ಷ ನನ್ನ ಫೋಟೋದಲ್ಲಿ ಅದು ಬರೀ ಬಿಳಿ ಗೆರೆಯಾಗಿತ್ತು. ಅದನ್ನು ನೋಡಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಹಾಕಿದ ದುಡ್ಡಿನ ಬಗ್ಗೆ ಇದ್ದ ಅಳುಕು ಆವತ್ತೇ ಹೋಯಿತು.

ಪಕ್ಕಪಕ್ಕ ಇಟ್ಟು ನೋಡಿದಾಗ ನನ್ನ ಕಣ್ಣಿಗೆ ಹಳೆಯದರ 3200, ಹೊಸದರ 8000 ಹತ್ತಿರ ಹತ್ತಿರ. ಅಂದರೆ ಮೇಲೆ ಹೇಳಿದ ಆ ಒಂದು ಸ್ಟಾಪು, ಮೇಲೊಂಚೂರು. ಲೆಕ್ಕ ಹೇಳಿದ್ದಕ್ಕಿಂತ ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ.

ಇನ್ನೊಂದು ವಿಷಯ ಇದೆ. ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನೀವು ತಗೊಳ್ಳುವ ಮೊದಲೇ ತಿಳಿದುಕೊಳ್ಳಿ.

ಅದೇ ರಾತ್ರಿ ರಂಗಸ್ಥಳದ ಫೋಟೋಗಳಲ್ಲಿ ಒಂದು ತೊಂದರೆ ಕಂಡಿತು. ಮುಖ ಗರಿಗರಿಯಾಗಿದೆ, ಆದರೆ ಮುಂದಕ್ಕೆ ಚಾಚಿದ ಕೈ ಮಸುಕು. ಇಬ್ಬರು ವೇಷಧಾರಿಗಳು ಎದುರುಬದುರು ನಿಂತರೆ ಒಬ್ಬರು ಸರಿ, ಇನ್ನೊಬ್ಬರು ಇಲ್ಲ. ಹಳೇ ಕ್ಯಾಮೆರಾದಲ್ಲಿ ಹೀಗೆ ಆಗುತ್ತಿರಲಿಲ್ಲ. ಕೂತು ಲೆಕ್ಕ ಹಾಕಿದೆ. ಹಳೆಯದರಲ್ಲಿ ನಾನು ಹಾಕುತ್ತಿದ್ದದ್ದು 50 ಎಂಎಂ ಎಫ್ 1.8. ಕ್ರಾಪ್ ಸೆನ್ಸರ್‌ನಲ್ಲಿ ಅದು 75 ಎಂಎಂ ಥರ ಕಾಣುತ್ತದೆ. ಹೊಸದರ 85 ಎಂಎಂ ಹೆಚ್ಚುಕಡಿಮೆ ಅದೇ ನೋಟ. ಆರು ಮೀಟರ್ ದೂರದಿಂದ ಎರಡನ್ನೂ 1.8ರಲ್ಲೇ ತೆಗೆದರೆ, ಹಳೆಯದರಲ್ಲಿ ಹಿಂದೆ ಮುಂದೆ ಸೇರಿ ಸುಮಾರು 1 ಮೀಟರ್ ಜಾಗ ಸ್ಪಷ್ಟವಾಗಿ ಬರುತ್ತದೆ. ಹೊಸದರಲ್ಲಿ ಸುಮಾರು ಅರ್ಧ ಮೀಟರ್. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ವೇಷಕ್ಕೆ ಅರ್ಧ ಮೀಟರ್ ಎಲ್ಲಿ ಸಾಕಾಗುತ್ತದೆ? ಸರಿ, ಎಫ್ 2.8ಕ್ಕೆ ಇಳಿಸಿದೆ. ಇಬ್ಬರೂ ಸ್ಪಷ್ಟವಾಗಿ ಬಂದರು. ಆದರೆ 1.8ರಿಂದ 2.8ಕ್ಕೆ ಇಳಿದರೆ ಒಂದು ಸ್ಟಾಪು, ಮೇಲೊಂಚೂರು ಬೆಳಕು ಹೋಗುತ್ತದೆ. ದೊಡ್ಡ ಸೆನ್ಸರ್ ಕೊಟ್ಟದ್ದನ್ನು ಅಷ್ಟಕ್ಕಷ್ಟೇ ವಾಪಸ್ ಕೊಟ್ಟ ಹಾಗಾಯಿತು.

ಅಂದರೆ ಒಬ್ಬರೇ ಇರುವ ಚಿತ್ರ, ಮುಖದ ಚಿತ್ರ, ಹಿಂದಿನದ್ದು ಮಸುಕಾದರೂ ಪರವಾಗಿಲ್ಲ ಅನ್ನುವ ಕಡೆ ಫುಲ್ ಫ್ರೇಮ್ ಪೂರಾ ಲಾಭ ಕೊಡುತ್ತದೆ. ಹಿಮ್ಮೇಳ (ಭಾಗವತರು, ಚೆಂಡೆ, ಮದ್ದಳೆಯವರು), ಮುಮ್ಮೇಳ (ವೇಷಧಾರಿಗಳು) ಎರಡೂ ಸ್ಪಷ್ಟವಾಗಿ ಬೇಕು ಅಂದರೆ, ಅಥವಾ ಮದುವೆ ಮಂಟಪದಲ್ಲಿ ಎರಡು ಸಾಲು ನೆಂಟರನ್ನು ನಿಲ್ಲಿಸಿದರೆ, ಲಾಭ ಅಷ್ಟು ಸಿಗುವುದಿಲ್ಲ. ನಾನು ಈಗ ವೇಷ ಒಂದೇ ಇದ್ದರೆ 1.8, ಇಬ್ಬರಿದ್ದರೆ 2.8 ಅಂತ ಬೆರಳಿಗೆ ಅಭ್ಯಾಸ ಮಾಡಿಸಿಕೊಂಡಿದ್ದೇನೆ.

ಇನ್ನು ನನಗೆ ತುಂಬಾ ಖುಷಿ ಕೊಟ್ಟ ಕೆಲವು ಸಂಗತಿಗಳಿಗೂ ಸೆನ್ಸರ್ ಅಳತೆಗೂ ಸಂಬಂಧವೇ ಇಲ್ಲ. ಅವು ಕನ್ನಡಿ ಇಲ್ಲದ (ಮಿರರ್‌ಲೆಸ್) ಕ್ಯಾಮೆರಾದ ಗುಣ. ಹಳೆಯದರಲ್ಲಿ ಲೆನ್ಸಿನ ಹಿಂದೆ ಕನ್ನಡಿ ಇತ್ತು, ಹೊಸದರಲ್ಲಿ ಇಲ್ಲ. ಹಳೆಯದರಲ್ಲಿ ಕಣ್ಣಿಟ್ಟರೆ ಕತ್ತಲು ಕತ್ತಲಾಗಿಯೇ ಕಾಣುತ್ತಿತ್ತು. ಇದರಲ್ಲಿ ಫೋಟೋ ಹೇಗೆ ಬರುತ್ತದೋ ಹಾಗೇ ಮೊದಲೇ ಕಾಣುತ್ತದೆ. ರಾಳದ ಬೆಂಕಿ ಎದ್ದಾಗ ಮುಖ ಬೆಳ್ಳಗಾಗುವುದು ಕಣ್ಣೆದುರೇ ಕಂಡು, ಹೆಬ್ಬೆರಳಿನಿಂದ ಒಂದು ಸುತ್ತು ಇಳಿಸಿದೆ. ಫೋಕಸ್ ಬಿಂದುಗಳು ಚೌಕಟ್ಟಿನ ಹೆಚ್ಚುಕಡಿಮೆ ಅಂಚಿನವರೆಗೂ ಇವೆ. ಸ್ತ್ರೀವೇಷದ ಕಣ್ಣನ್ನು ಅದೇ ಹುಡುಕಿ ಹಿಡಿಯುತ್ತದೆ. ಬಣ್ಣದ ವೇಷಕ್ಕೆ ಮಾತ್ರ ನಾನೇ ಬಿಂದು ಇಡುತ್ತೇನೆ. ಅಷ್ಟು ದಪ್ಪ ಬಣ್ಣದ ಮುಖದಲ್ಲಿ ಕಣ್ಣು ಎಲ್ಲಿದೆ ಅಂತ ಯಂತ್ರಕ್ಕೆ ಗೊತ್ತಾಗುವುದು ಕಷ್ಟವೇ.

ಒಳಗಿರುವ ಸೆನ್ಸರ್ ತಾನೇ ಅಲುಗಿ ಕೈನಡುಕ ತಡೆಯುತ್ತದೆ. ಚೌಕಿಯಲ್ಲಿ ಗಣಪತಿ ಪೂಜೆಯ ದೀಪದ ಬೆಳಕಿನಲ್ಲಿ 1/15ರಲ್ಲಿ ತೆಗೆದರೂ ಸ್ಪಷ್ಟವಾಗಿ ಬಂತು. ಆದರೆ ಇದು ನಮ್ಮ ಕೈಯ ನಡುಕಕ್ಕೆ ಮಾತ್ರ ಮದ್ದು. ಪುಂಡುವೇಷದವರು (ಚುರುಕಿನ ತರುಣ ಪಾತ್ರದವರು) ಗಿರಗಿರ ಸುತ್ತಿ ಧೀಂಗಿಣ ಹೊಡೆಯುವಾಗ 1/500 ಬೇಕೇ ಬೇಕು. ಅಲ್ಲಿ ಯಾವ ಸ್ಟೆಬಿಲೈಸೇಶನ್ನೂ ನೆರವಿಗೆ ಬರುವುದಿಲ್ಲ.

ಸದ್ದಿಲ್ಲದ ಶಟರ್ ಬಗ್ಗೆ ಒಂದು ಎಚ್ಚರಿಕೆ. ಚೌಕಿಯಲ್ಲಿ ಯಾರಿಗೂ ತೊಂದರೆ ಆಗಬಾರದು ಅಂತ ಅದನ್ನು ಹಾಕಿಕೊಂಡೇ ತೆಗೆದೆ, ಆಮೇಲೆ ಆಫ್ ಮಾಡಲು ಮರೆತು ರಂಗಸ್ಥಳಕ್ಕೆ ಹೋದೆ. ಒಂದೂವರೆ ಗಂಟೆ ತೆಗೆದ ಫೋಟೋಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ. ಕಾರಣ ಎಲ್ಇಡಿ ದೀಪ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ತಕ್ಕ ಹಾಗೆ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಎಲೆಕ್ಟ್ರಾನಿಕ್ ಶಟರ್ ಹೆಚ್ಚಿನ ಕ್ಯಾಮೆರಾಗಳಲ್ಲಿ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಓದುವ ಹೊತ್ತಿಗೆ ದೀಪ ಕೆಲವು ಸಲ ಹತ್ತಿ ಆರಿರುತ್ತದೆ, ಅದೇ ಪಟ್ಟಿ. ಎಲ್ಇಡಿ ಕೆಳಗೆ ಮೆಕ್ಯಾನಿಕಲ್ ಶಟರ್ ಬಳಸಿ. ಸಾಧ್ಯ ಇದ್ದರೆ 1/100 ಅಥವಾ 1/50 ಇಡಿ. ನಿಮ್ಮ ನಾಟಕದ ಫೋಟೋಗೂ ಇದು ಬೇಕಾಗುತ್ತದೆ.

ಲೆನ್ಸ್ ವಿಷಯದಲ್ಲಿ ಕಣ್ಣುಮುಚ್ಚಿ ಹೋಗಬೇಡಿ. ನನ್ನ ಹಳೇ 50 ಎಂಎಂ "ಡಿ" ಜಾತಿಯದ್ದು, ಅದರೊಳಗೆ ಮೋಟಾರ್ ಇಲ್ಲ. ಡಿ7200ರ ಒಳಗಿನ ಮೋಟಾರೇ ಅದನ್ನು ತಿರುಗಿಸುತ್ತಿತ್ತು. ಎಫ್‌ಟಿಝಡ್ ಅಡಾಪ್ಟರ್ ಹಾಕಿ ಹೊಸದಕ್ಕೆ ಕೂರಿಸಬಹುದು, ಆದರೆ ಫೋಕಸ್ ಕೈಯಲ್ಲೇ ಮಾಡಬೇಕು. ಮಾರಿದ ಅಂಗಡಿಯವರು "ಎಲ್ಲ ಲೆನ್ಸೂ ಆಗುತ್ತೆ ಸರ್" ಅಂದಿದ್ದರು, ಪೂರ್ತಿ ಮಾತು ಹೇಳಿರಲಿಲ್ಲ. ಒಳಗೆ ಮೋಟಾರ್ ಇರುವ ಎಎಫ್-ಎಸ್ ಲೆನ್ಸ್‌ಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಕ್ರಾಪ್ ಸೆನ್ಸರ್‌ಗೆ ಅಂತಲೇ ಮಾಡಿದ ಡಿಎಕ್ಸ್ ಲೆನ್ಸ್ ಹಾಕಿದರೆ ಕ್ಯಾಮೆರಾ ತಾನೇ ನಡುವಿನ ಭಾಗ ಮಾತ್ರ ಬಳಸುತ್ತದೆ. ಆಗ 24 ಹೋಗಿ ಸುಮಾರು 10 ಮೆಗಾಪಿಕ್ಸೆಲ್ ಉಳಿಯುತ್ತದೆ. ಫುಲ್ ಫ್ರೇಮ್ ತಗೊಂಡು ಹೀಗೆ ಬಳಸುವುದರಲ್ಲಿ ಅರ್ಥ ಇಲ್ಲ. ಅದಕ್ಕೇ ಬಜೆಟ್ ಹಾಕುವಾಗ ಬಾಡಿ ಒಂದರದ್ದೇ ಲೆಕ್ಕ ಹಾಕಬೇಡಿ, ಕನಿಷ್ಠ ಒಂದು ಒಳ್ಳೆ ಲೆನ್ಸ್ ಸೇರಿಸಿ.

ಹಕ್ಕಿ ಫೋಟೋ ತೆಗೆಯುತ್ತೀರಾ? ಹಾಗಿದ್ದರೆ ಇದು ನಷ್ಟದ ಕಡೆ. ತೋಟದ ಆಚೆ ಆಲದ ಮರಕ್ಕೆ ಹಣ್ಣು ಬಿಟ್ಟಾಗ ಮಂಗಟ್ಟೆ ಬರುತ್ತದೆ. 200-500 ಎಂಎಂ ಲೆನ್ಸ್ ಡಿ7200ರಲ್ಲಿ 750 ಎಂಎಂವರೆಗೆ ಹೋದ ಹಾಗೆ ಕಾಣುತ್ತಿತ್ತು. ಹೊಸದರಲ್ಲಿ 500ಕ್ಕೆ ನಿಂತಿತು. ಹಕ್ಕಿ ಚೌಕಟ್ಟಿನ ನಡುವೆ ಸಣ್ಣದಾಗಿ ಕೂತಿದೆ. ಅದನ್ನು ಕತ್ತರಿಸಿ ದೊಡ್ಡದು ಮಾಡಿದರೆ ಹಳೆಯದಕ್ಕಿಂತ ಕಡಿಮೆ ವಿವರ. ಅದಕ್ಕೇ ಡಿ7200 ಮಾರಲಿಲ್ಲ. ಆ ಲೆನ್ಸಿಗೆ ಅದೇ ಜೋಡಿ.

ಉಳಿದವು ಸಣ್ಣಪುಟ್ಟವು. ತೂಕದಲ್ಲಿ ಹೇಳುವಂಥ ವ್ಯತ್ಯಾಸ ಇಲ್ಲ, ಬ್ಯಾಟರಿ ಕಾರ್ಡ್ ಸೇರಿ 765 ಗ್ರಾಂ ಇದ್ದದ್ದು 705 ಆಯಿತು. ಹಳೇ ಬ್ಯಾಟರಿ ಇದಕ್ಕೂ ಕೂರುತ್ತದೆ, ಅದು ಅನುಕೂಲ. ಆದರೆ ಪರದೆ ಸದಾ ಉರಿಯುವುದರಿಂದ ಹಳೆಯದರ ಅರ್ಧದಷ್ಟೂ ಹೊತ್ತು ಬರುವುದಿಲ್ಲ. ರಾತ್ರಿಯಿಡೀ ಆಟಕ್ಕೆ ನಾನು ಮೂರು ಒಯ್ಯುತ್ತೇನೆ. ಕನ್ನಡಿ ಇಲ್ಲದ್ದರಿಂದ ಲೆನ್ಸ್ ತೆಗೆದರೆ ಸೆನ್ಸರ್ ಸೀದಾ ಗಾಳಿಗೆ. ಬಯಲಿನ ಧೂಳಿನಲ್ಲಿ ಒಮ್ಮೆ ಲೆನ್ಸ್ ಬದಲಾಯಿಸಿದೆ, ಮರುದಿನ ಆಕಾಶದ ಫೋಟೋದಲ್ಲೆಲ್ಲ ಅದೇ ಜಾಗದಲ್ಲಿ ಚುಕ್ಕೆ. ಈಗ ಕ್ಯಾಮೆರಾ ಬಾಯಿ ಕೆಳಗೆ ಮಾಡಿಯೇ ಬದಲಾಯಿಸುತ್ತೇನೆ. ನೀವೂ ಕರಾವಳಿಯವರಾದರೆ ಮಳೆಗಾಲಕ್ಕೆ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್ ಮೊದಲೇ ತಂದಿಡಿ. ಫಂಗಸ್‌ಗೆ ಲೆನ್ಸ್ ಹಳೆಯದಾ ಹೊಸದಾ ಅಂತ ಇಲ್ಲ.

ನೀವು ತೇರು, ನಾಟಕ ಅಂದಿದ್ದೀರಿ, ಅಂದರೆ ರಾತ್ರಿ ಕೆಲಸ ಇದೆ. ನಿಮಗೆ ಫುಲ್ ಫ್ರೇಮ್ ಉಪಯೋಗಕ್ಕೆ ಬರುತ್ತದೆ ಅಂತಲೇ ನನ್ನ ಅಭಿಪ್ರಾಯ. ಆದರೆ ದುಡ್ಡು ಕೊಡುವ ಮೊದಲು ಒಂದು ಸಂಜೆ ಕೂತು ಕಳೆದ ವರ್ಷ ನೀವು ಬೇಡ ಅಂತ ಬಿಟ್ಟ ಫೋಟೋಗಳನ್ನು ತೆಗೆದು ನೋಡಿ. ಯಾಕೆ ಬಿಟ್ಟಿರಿ? ಕಾಳು ಕಾಳಾಗಿ ಬಣ್ಣ ಕೆಟ್ಟಿತ್ತಾ, ಫೋಕಸ್ ತಪ್ಪಿತ್ತಾ, ಅಲುಗಿತ್ತಾ? ನನ್ನದರಲ್ಲಿ ಅರ್ಧಕ್ಕರ್ಧ ಫೋಕಸ್ ತಪ್ಪಿದವು, ಅದು ಕನ್ನಡಿ ಇಲ್ಲದ ಕ್ರಾಪ್ ಸೆನ್ಸರ್ ಕ್ಯಾಮೆರಾ ತಗೊಂಡಿದ್ದರೂ ಸರಿಹೋಗುತ್ತಿತ್ತು. ಬಣ್ಣ ಕೆಟ್ಟ ಇನ್ನರ್ಧಕ್ಕೆ ಮಾತ್ರ ದೊಡ್ಡ ಸೆನ್ಸರ್ ಬೇಕಾಗಿತ್ತು. ನಿಮ್ಮ ಲೆಕ್ಕ ಏನು ಬಂತು, ಈಗ ಯಾವ ಲೆನ್ಸ್‌ಗಳಿವೆ ಅಂತ ಇಲ್ಲೇ ಬರೆಯಿರಿ. ಯಾವುದು ಹೊಸದಕ್ಕೆ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ನೋಡಿ ಹೇಳುತ್ತೇನೆ.