ಹಳೆಯ ಮಾಳಿಗೆಯ ಮೇಲೆ ಸೋಲಾರ್: ಗೆಸ್ಕಾಂ ಒಪ್ಪಿಗೆಯೊಂದೇ ಸಾಕೇ?

ಪ್ರಶ್ನೆ: ಆನೆಗೊಂದಿಯಲ್ಲಿರುವ ನಮ್ಮದು ಮುತ್ತಜ್ಜನ ಕಾಲದ ಮನೆ; ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಹಿಂದಿನ ಓಣಿಯಲ್ಲೇ ಸಂರಕ್ಷಿತ ಸ್ಮಾರಕವೆಂಬ ಫಲಕವಿದೆ. ಮಾಳಿಗೆಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕೆಂದಿದ್ದೇವೆ. ನಮ್ಮ ಕಡೆಯ ವಿದ್ಯುತ್ ಸರಬರಾಜು ಕಂಪನಿಯಾದ ಗೆಸ್ಕಾಂ ಒಪ್ಪಿದರೆ ಸಾಕು, ಬೇರೆ ಅನುಮತಿ ಬೇಡ ಎಂದು ಗುತ್ತಿಗೆದಾರರು ಹೇಳಿ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?
— ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ದಯವಿಟ್ಟು ಈಗಲೇ ಕೊಡಬೇಡಿ. ಗೆಸ್ಕಾಂ ನೋಡುವುದು ಮೀಟರು, ಮಂಜೂರಾದ ಲೋಡು ಮತ್ತು ನಿಮ್ಮ ವಿದ್ಯುತ್ತು ಅವರ ತಂತಿಗೆ ಸೇರುವ ಬಗೆಯನ್ನು ಮಾತ್ರ. ನಿಮ್ಮ ಮನೆ ನಿಂತಿರುವ ನೆಲಕ್ಕೆ ಬೇರೆ ಕಾನೂನುಗಳಿವೆ.

ಮೊದಲು ಆ ಫಲಕ ಯಾರದೆಂದು ಓದಿ ನೋಡಿ. ಅದು ರಾಜ್ಯ ಪುರಾತತ್ವ ಇಲಾಖೆಯದಾಗಿದ್ದರೆ 1961ರ ರಾಜ್ಯ ಕಾಯ್ದೆಯ ಪ್ರಕಾರ ಆ ಇಲಾಖೆಯನ್ನೇ ಕೇಳಬೇಕು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದಾಗಿದ್ದರೆ 1958ರ ಕೇಂದ್ರ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿ ಅನ್ವಯಿಸುತ್ತವೆ. ಅದರಂತೆ ಸ್ಮಾರಕದ ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಹಿಡಿಯುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತವೆಂದು ಘೋಷಿಸಿದ ಜಾಗದ ಗಡಿಯಿಂದ ಎಂಬುದನ್ನು ಅನೇಕರು ಗಮನಿಸುವುದಿಲ್ಲ.

ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕೂ ಮೊದಲೇ ಇದ್ದ ಮನೆಯ ದುರಸ್ತಿ ಮತ್ತು ನವೀಕರಣಕ್ಕೆ ಅರ್ಜಿ ಹಾಕಬಹುದು, ನಿಮ್ಮ ಮನೆಗೆ ಆ ದಾರಿ ತೆರೆದಿದೆ. ತೊಡಕಿರುವುದು ಮುಂದಿನ ಮಾತಿನಲ್ಲಿ. ಇದ್ದ ಕಟ್ಟಡವನ್ನು ಮೇಲಕ್ಕೆ ಅಥವಾ ಪಕ್ಕಕ್ಕೆ ಹೆಚ್ಚಿಸುವುದನ್ನೂ ಕಾಯ್ದೆ ‘ನಿರ್ಮಾಣ’ವೆಂದೇ ಕರೆಯುತ್ತದೆ. ಈಗ ಎಲ್ಲ ಕಡೆ ಕಾಣುವಂತೆ ಆಳೆತ್ತರದ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಕೆಳಗೆ ನೆರಳನ್ನೂ ಮೇಲೆ ವಿದ್ಯುತ್ತನ್ನೂ ಪಡೆಯುವ ವಿನ್ಯಾಸವನ್ನು ನೀವು ಆರಿಸಿಕೊಂಡರೆ, ಅದನ್ನು ಇನ್ನೊಂದು ಅಂತಸ್ತಿನಂತೆ ಪರಿಗಣಿಸಿ ಅರ್ಜಿಯನ್ನು ತಿರಸ್ಕರಿಸಲು ಅಧಿಕಾರಿಗಳಿಗೆ ಕಾರಣ ಸಿಕ್ಕಂತಾಗುತ್ತದೆ. ಆದ್ದರಿಂದ ಸೋಲಾರ್ ಫಲಕಗಳು ಕುಂಬಿಗಿಂತ (ಮಾಳಿಗೆಯ ಅಂಚಿನ ಗಿಡ್ಡ ಗೋಡೆಗಿಂತ) ಮೇಲೇಳದೆ, ಓಣಿಯಿಂದಲೂ ಸ್ಮಾರಕದಿಂದಲೂ ಕಾಣದಂತೆ ತಗ್ಗಾಗಿ ಮಲಗಿರಲಿ. ನಮ್ಮ ಸೀಮೆಯಲ್ಲಿ ಸೂರ್ಯ ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಇರುವುದರಿಂದ ಓರೆ ಕಡಿಮೆಯಾದರೂ ಆಗುವ ನಷ್ಟ ಅಲ್ಪ.

ಇದಲ್ಲದೆ ಆನೆಗೊಂದಿ ಹಂಪಿಯ ವಿಶ್ವ ಪರಂಪರೆಯ ಭಾಗ. ಹೀಗಾಗಿ ಗ್ರಾಮ ಪಂಚಾಯಿತಿಯ ಜೊತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿಯನ್ನೂ ಲಿಖಿತವಾಗಿ ಕೇಳಿ. ಹೊಳೆಯ ನಡುವಿನ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳ ತೆರವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಎತ್ತಿಹಿಡಿದದ್ದನ್ನು ನೀವು ಹತ್ತಿರದಿಂದಲೇ ಕಂಡಿದ್ದೀರಿ. ಕೇಂದ್ರ ಕಾಯ್ದೆಯನ್ನು ಮೀರಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು, ಮತ್ತು ಅದನ್ನು ಅನುಭವಿಸುವವರು ಮನೆಯವರೇ ಹೊರತು ಮುಂಗಡ ಪಡೆದವರಲ್ಲ.

ಕಾನೂನಿಗಿಂತಲೂ ನನಗೆ ಹೆಚ್ಚು ಚಿಂತೆಯಿರುವುದು ನಿಮ್ಮ ಮಾಳಿಗೆಯದು. 3 ಕಿಲೋವ್ಯಾಟ್ ಎಂದರೆ ಸುಮಾರು 300 ಚದರಡಿ ಜಾಗ, ತಲಾ 25ರಿಂದ 30 ಕಿಲೋ ತೂಗುವ ಆರು ಫಲಕಗಳು. ಈ ಭಾರ ಹಂಚಿಕೊಂಡಿದ್ದರೆ ದೊಡ್ಡದಲ್ಲ. ಆದರೆ ಚೌಕಟ್ಟಿನ ನಾಲ್ಕಾರು ಕಾಲುಗಳ ಮೇಲೆಯೇ, ಗಾಳಿಗೆ ಹಾರದಿರಲೆಂದು ಇಡುವ ಕಾಂಕ್ರೀಟ್ ದಿಮ್ಮಿಗಳ ಸಮೇತ, ಅದು ಬಿದ್ದರೆ ಜಂತಿಗಳು ತಾಳಲಾರವು. ಗಂಗಾವತಿ ಸೀಮೆಯ ಇಂಥದೇ ಒಂದು ಮನೆಯಲ್ಲಿ ಮಾಳಿಗೆಗೆ ರಂಧ್ರ ಕೊರೆದು ಬೋಲ್ಟ್ ಬಿಗಿದಿದ್ದನ್ನು ನಾನು ನೋಡಿದ್ದೇನೆ. ಎರಡು ಮಳೆಗಾಲಗಳಲ್ಲಿ ನೀರು ಬೋಲ್ಟಿನ ಗುಂಟ ಇಳಿದು ಪಡಸಾಲೆಯ ಗೋಡೆಯ ಮೇಲೆ ಕೆಂಪು ಗೀರುಗಳಾಗಿದ್ದವು. ಜಂತಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಅದು ಹಿಟ್ಟಿನಂತೆ ಉದುರಿತು. ಆ ಮನೆಯ ಹಿರಿಯರ ಮುಖವನ್ನು ನಾನಿನ್ನೂ ಮರೆತಿಲ್ಲ. ನೀವು ರಂಧ್ರ ಕೊರೆಯಲು ಬಿಡಬೇಡಿ. ಭಾರವೆಲ್ಲ ಕಲ್ಲಿನ ಗೋಡೆಯಿಂದ ಗೋಡೆಗೆ ಹಾಯುವ ಉಕ್ಕಿನ ತೊಲೆಗಳ ಮೇಲೆ ಕೂರಲಿ. ಹಳೆಯ ಮನೆಗಳನ್ನು ಬಲ್ಲ ಎಂಜಿನಿಯರ್ ಒಬ್ಬರಿಂದ ಜಂತಿ, ಗೋಡೆಗಳನ್ನು ಪರೀಕ್ಷಿಸಿ ವರದಿ ಪಡೆಯಿರಿ. ನಕ್ಷೆ, ಓಣಿಯಿಂದ ತೆಗೆದ ಫೋಟೊ, ಮನೆಯ ಹಳೆಯ ದಾಖಲೆಗಳ ಜೊತೆಗೆ ಈ ವರದಿಯೂ ಇದ್ದರೆ ಅರ್ಜಿಗೆ ತೂಕ ಬರುತ್ತದೆ.

ಕೇಂದ್ರ ಕಾಯ್ದೆಯಡಿ ಅನುಮತಿ ಕೊಡುವ ಅಧಿಕಾರಿಯಾದ ಸಕ್ಷಮ ಪ್ರಾಧಿಕಾರಿಯು ಅರ್ಜಿಯನ್ನು 15 ದಿನಗಳಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅದರ ಶಿಫಾರಸಿಗೆ 2 ತಿಂಗಳು, ಆಮೇಲಿನ ಆದೇಶಕ್ಕೆ 1 ತಿಂಗಳು ಎಂದು ಗೊತ್ತುಮಾಡಲಾಗಿದೆ. 3 ಕಿಲೋವ್ಯಾಟ್ ದೊಡ್ಡದೆನ್ನಿಸಿದರೆ ಹಿತ್ತಿಲ ಕಡೆಯ ಮಾಳಿಗೆಯ ಮೇಲೆ 1 ಕಿಲೋವ್ಯಾಟ್ ಕೇಳಿ ನೋಡಿ. ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ, ದೀಪ, ಫ್ಯಾನು, ಫ್ರಿಜ್‌ಗೆ ಅಷ್ಟು ಸಾಕು. ಮನೆ ಮಾಳಿಗೆಯ ಸೋಲಾರ್‌ಗೆಂದಿರುವ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ 30,000 ರೂಪಾಯಿ ಸಹಾಯಧನವಿದೆ, 3 ಕಿಲೋವ್ಯಾಟ್‌ಗಾದರೆ 78,000. ಅನುಮತಿ ಪತ್ರ ಕೈಸೇರುವವರೆಗೆ ಕಾಯಲು ಗುತ್ತಿಗೆದಾರರು ಒಪ್ಪದಿದ್ದರೆ ಬೇರೊಬ್ಬರನ್ನು ಹುಡುಕಿಕೊಳ್ಳಿ.