ಮಂಡ್ಯದಲ್ಲಿ ಮನೆ ಕಟ್ಟಿಸುವಾಗ ಭೂಕಂಪಕ್ಕೆಂದು ಪಿಲ್ಲರ್‌ಗೆ ಹೆಚ್ಚು ಕಂಬಿ ಹಾಕಿಸಬೇಕೆ?

ಉದ್ದ ಕಂಬಿ ಹೆಚ್ಚಿಸುವುದಕ್ಕಿಂತ ಮೊದಲು ಅವನ್ನು ಸುತ್ತಿ ಹಿಡಿಯುವ ರಿಂಗ್ ಸರಿಮಾಡಿಸಿ. ಕಟ್ಟಡಗಳ ಭೂಕಂಪ ವಿನ್ಯಾಸಕ್ಕಿರುವ ಭಾರತೀಯ ಮಾನಕ ಐಎಸ್ 1893ರ 2016ರ ನಕ್ಷೆಯಲ್ಲಿ ಮಂಡ್ಯ, ಮೈಸೂರು ಎರಡೂ ಭೂಕಂಪ ವಲಯ 2ರಲ್ಲಿವೆ. ಅಪಾಯ ಕಡಿಮೆ, ಇಲ್ಲವೆಂದಲ್ಲ: 1993ರ ಭೂಕಂಪದಲ್ಲಿ ನೆಲಸಮವಾದ ಮಹಾರಾಷ್ಟ್ರದ ಲಾತೂರ್ ಭಾಗ ಆಗಿನ ನಕ್ಷೆಯಲ್ಲಿ ಅದಕ್ಕಿಂತಲೂ ಕೆಳಗಿನ ವಲಯ 1ರಲ್ಲಿತ್ತು.

ಕಂಬಿ ಕೆಲಸದವರು ರಿಂಗಿನ ತುದಿಯನ್ನು 90 ಡಿಗ್ರಿಗೇ ಬಗ್ಗಿಸಿ ಬಿಡುವುದುಂಟು, ಕೈಗೆ ಸುಲಭ ನೋಡಿ. ಅಲುಗಾಟಕ್ಕೆ ಹೊರಪದರದ ಕಾಂಕ್ರೀಟ್ ಉದುರಿದರೆ ಆ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಹಿಡಿತ ತಪ್ಪಿದ ಉದ್ದ ಕಂಬಿಗಳು ಹೊರಕ್ಕೆ ಬಾಗಿ ಪಿಲ್ಲರ್ ಕುಸಿಯುತ್ತದೆ. 135 ಡಿಗ್ರಿ ಬಗ್ಗಿಸಿ, ತುದಿ ಕನಿಷ್ಠ 65 ಮಿ.ಮೀ. ಒಳಕ್ಕೆ ಚಾಚಿರಲಿ. 300 ಮಿ.ಮೀ. ಅಗಲದ ಪಿಲ್ಲರ್‌ಗೆ 8 ಮಿ.ಮೀ. ರಿಂಗನ್ನು ಮೇಲೂ ಕೆಳಗೂ ಕನಿಷ್ಠ 450 ಮಿ.ಮೀ. ಉದ್ದಕ್ಕೆ ಸುಮಾರು 70 ಮಿ.ಮೀ.ಗೊಂದರಂತೆ ಕಟ್ಟಿಸಿ. ಭೂಕಂಪ ತಾಳುವಂತೆ ಕಂಬಿ ಕಟ್ಟುವ ಬಗೆ ಹೇಳುವ ಮಾನಕ ಐಎಸ್ 13920ರ ಈ ನಿಯಮ ವಲಯ 2ಕ್ಕೆ ಕಡ್ಡಾಯವಲ್ಲ, ಆದರೆ ಹೆಚ್ಚುವರಿ ಖರ್ಚು ಅಲ್ಪ.