ಸೊಂಟ ಅಳೆದದ್ದು ಯಾಕೆ?

ಪ್ರಶ್ನೆ: ಆಶಾ ಕಾರ್ಯಕರ್ತೆ ಮನೆಗೆ ಬಂದು ಅಮ್ಮನ ಸೊಂಟ ಅಳೆದರು, ತಂಬಾಕು ತಿಂತೀರಾ ಅಂತ ಕೇಳಿದರು. ಬಿಪಿ, ಶುಗರ್ ಬಗ್ಗೆ ಇವರಿಗೆ ಟ್ರೈನಿಂಗ್ ಇರುತ್ತಾ?
– ಓದುಗರೊಬ್ಬರು, ಹಾವೇರಿ

ಉತ್ತರ: ಇರುತ್ತದೆ. ಆದರೆ ಅದು ಕಾಯಿಲೆ ಇದೆ ಅಂತ ತೀರ್ಮಾನಿಸುವ ಟ್ರೈನಿಂಗ್ ಅಲ್ಲ, ಯಾರನ್ನು ಮೊದಲು ತಪಾಸಣೆಗೆ ಕಳಿಸಬೇಕು ಅಂತ ಗುರುತಿಸುವುದು. 30 ವರ್ಷ ದಾಟಿದ ಎಲ್ಲರಿಗೂ ಅವರು ಒಂದು ಫಾರಂ ತುಂಬುತ್ತಾರೆ. ವಯಸ್ಸು, ತಂಬಾಕು, ಕುಡಿತ, ವ್ಯಾಯಾಮ, ಮನೆಯವರಿಗೆ ಬಿಪಿ-ಶುಗರ್ ಇದೆಯಾ ಅನ್ನುವುದು, ಆಮೇಲೆ ಸೊಂಟದ ಸುತ್ತಳತೆ, ಎಲ್ಲಕ್ಕೂ ಅಂಕ. ಹೆಂಗಸರ ಸೊಂಟ 80 ಸೆಂ.ಮೀ., ಗಂಡಸರದ್ದು 90 ದಾಟಿದರೆ ಅಂಕ ಶುರು. (ಗಂಡಸರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾರೆ, ಅದು ಬೇರೆ ಮಾತು!) ಒಟ್ಟು 4 ದಾಟಿದವರಿಗೆ ತಪಾಸಣೆಯಲ್ಲಿ ಮೊದಲ ಆದ್ಯತೆ. ಬಿಪಿ, ಶುಗರ್ ನೋಡುವುದು ಉಪಕೇಂದ್ರದ ನರ್ಸ್ ಅಥವಾ ಸಮುದಾಯ ಆರೋಗ್ಯಾಧಿಕಾರಿ, ಔಷಧಿ ಶುರು ಮಾಡುವುದು ಡಾಕ್ಟರ್.

ನನ್ನ ಪ್ರಕಾರ ಟ್ರೈನಿಂಗ್‌ನಲ್ಲಿ ಜಾಸ್ತಿ ಒತ್ತು ಬೇಕಾಗಿರುವುದು ಆಮೇಲಿನ ಕೆಲಸಕ್ಕೆ. ಬಿಪಿಗೆ ನೋವಿಲ್ಲ, ತಲೆ ಸುತ್ತದಿದ್ದರೆ ಜನ ಮಾತ್ರೆ ಬಿಟ್ಟೇ ಬಿಡುತ್ತಾರೆ. ಬಿಟ್ಟವರನ್ನು ಬೈಯದೆ ಮಾತಾಡಿಸುವುದು ಸುಮ್ನೆ ಬರುವುದಿಲ್ಲ, ಅಲ್ವಾ? ಅಮ್ಮನನ್ನು ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ, ಬಿಪಿ 140/90 ಅಥವಾ ಜಾಸ್ತಿ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಿ.